ಹಾರುವ ಪಂಪ್‌ಸೆಟ್ಟಿಗೆ ಸೂಜಿಗಲ್ಲು ಕಟ್ಟಿದರೆ



ನನ್ನ ದನಿ ಈಗ ನಿಮಗೆ ಕೇಳಿಸುತ್ತಿರುವುದು ನಿಮ್ಮ ರೇಡಿಯೋದ ಹೊಟ್ಟೆಯಲ್ಲಿ ಕೂತಿರುವ ಒಂದು ಅಯಸ್ಕಾಂತದ ದಯೆಯಿಂದ. ಕೆಟ್ಟ ರೇಡಿಯೋ ಬಿಚ್ಚಿ ಬೈಸಿಕೊಂಡವರಿಗೆಲ್ಲ ಅದರ ಗುರುತಿದೆ. ಸ್ಪೀಕರಿನ ಬೆನ್ನಿಗೆ ಅಂಟಿಕೊಂಡಿರುವ, ದಪ್ಪ ಬಳೆಯಂಥ ಕಪ್ಪು ಬಿಲ್ಲೆ. ನಾವು ಸಣ್ಣವರಿದ್ದಾಗ ಅದನ್ನು ದಾರಕ್ಕೆ ಕಟ್ಟಿ ವರದಾ ಹೊಳೆಯ ಉಸುಕಿನಲ್ಲಿ ಎಳೆದಾಡುತ್ತಿದ್ದೆವು. ಉಸುಕಿನೊಳಗಿನ ಕಬ್ಬಿಣದ ಪುಡಿ ಮೀಸೆಯ ಹಾಗೆ ಎದ್ದು ನಿಲ್ಲುತ್ತಿತ್ತು. ನಮ್ಮ ಅಜ್ಜಿ ಅದಕ್ಕೆ ಸೂಜಿಗಲ್ಲು ಅನ್ನುತ್ತಿದ್ದಳು. ನಾನು ಮುಂದೆ ಮೂವತ್ತು ವರ್ಷ ಕಾಲೇಜಿನಲ್ಲಿ ಅಯಸ್ಕಾಂತ ಅಂತಲೇ ಪಾಠ ಮಾಡಿದೆ. ಆದರೂ ಕೈಗೆ ಸಿಕ್ಕಾಗ ಬಾಯಿಗೆ ಬರುವುದು ಸೂಜಿಗಲ್ಲೇ.

ಇವತ್ತಿನ ಮಾತಿಗೆ ಕಾರಣ ನಮ್ಮ ಅಣ್ಣನ ಮಗ. ಐಟಿಐ ಮುಗಿಸಿದ್ದಾನೆ. ಎರಡು ವರ್ಷದಿಂದ ಡ್ರೋನ್ ಇಟ್ಟುಕೊಂಡು ಬ್ಯಾಡಗಿ, ರಾಣೆಬೆನ್ನೂರು ಕಡೆ ಹೊಲಗಳಿಗೆ ಎಣ್ಣಿ ಹೊಡೆಯುವ ಕೆಲಸ ಮಾಡುತ್ತಾನೆ. ದೂರದೂರಿನ ಕೇಳುಗರಿಗೆ ಒಂದು ಮಾತು: ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆಲ್ಲ ಎಣ್ಣಿ ಅಂತಲೇ ಹೆಸರು. ಮೆಣಸಿನಗಿಡಕ್ಕೆ ನುಸಿ ಬಿದ್ದು ಎಲೆ ಮುರುಟತೊಡಗಿದರೆ ನಾಲ್ಕು ದಿನ ಕಾಯಲಿಕ್ಕೆ ಆಗುವುದಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆಯುವ ಆಳು ಸಿಗುವುದಿಲ್ಲ. ಹಾಗಾಗಿ ಹುಡುಗನಿಗೆ ಅಕ್ಟೋಬರ್, ನವೆಂಬರಿನಲ್ಲಿ ಊಟಕ್ಕೂ ಪುರಸತ್ತಿಲ್ಲ.

ಒಂದು ದಿನ ಅವನ ಜೊತೆ ಮೋಟೆಬೆನ್ನೂರಿನ ಆಚೆ ಒಂದು ಹೊಲಕ್ಕೆ ಹೋಗಿದ್ದೆ. ಬದುವಿನ ಮೇಲೆ ಪಿಕಪ್ ಗಾಡಿ, ಗಾಡಿಯ ಮೇಲೆ ಗುಡುಗುಡು ಅನ್ನುವ ಸಣ್ಣ ಜನರೇಟರು, ಅದಕ್ಕೆ ಚಾರ್ಜರು, ಚಾರ್ಜರಿಗೆ ಬ್ಯಾಟರಿ. ಡ್ರೋನು ಹತ್ತು ಲೀಟರ್ ತುಂಬಿಕೊಂಡು ಏಳುತ್ತದೆ, ಗಿಡಗಳ ತಲೆ ಮೇಲೆ ಆಳೆತ್ತರದಲ್ಲಿ ಅತ್ತ ಇತ್ತ ಓಡಾಡುತ್ತದೆ, ಹತ್ತು ಹನ್ನೆರಡು ನಿಮಿಷಕ್ಕೆ ಪೀ ಪೀ ಅಂತ ಗೋಳಾಡುತ್ತ ಇಳಿಯುತ್ತದೆ. ಮತ್ತೆ ಬ್ಯಾಟರಿ ಬದಲಾವಣೆ. ಬಿಚ್ಚಿದ ಬ್ಯಾಟರಿ ಮುಟ್ಟಿದರೆ ಆಗತಾನೆ ತವೆಯಿಂದ ಇಳಿಸಿದ ರೊಟ್ಟಿ. ಅದು ಆರುವ ತನಕ ಚಾರ್ಜಿಗೆ ಹಚ್ಚುವ ಹಾಗಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವನು ಕಿಸೆಯಿಂದ ಒಂದು ಪೊಟ್ಟಣ ತೆಗೆದ. ಅಂಗಿಯ ಗುಂಡಿಯಷ್ಟು ಗಾತ್ರದ, ಬೆಳ್ಳಿಯ ಹಾಗೆ ಮಿರುಗುವ ಹತ್ತು ಮ್ಯಾಗ್ನೆಟ್ಟು. ಒಂದಕ್ಕೊಂದು ಕಚ್ಚಿ ಕೂತಿದ್ದವು, ಬಿಡಿಸಲಿಕ್ಕೆ ಉಗುರು ಸಾಲದು.

"ಕಾಕಾ, ಫ್ಯಾನ್ ಅಂತೂ ತಿರಗತಾವ. ಪಂಕದ ತುದಿಗೆ ಇವನ್ನ ಹಚ್ಚತೀನಿ, ಕೆಳಗ ತಾಮ್ರದ ಸುರುಳಿ ಕೂಡಸತೀನಿ. ತಿರುಗಿದಷ್ಟೂ ಕರೆಂಟ್ ಹುಟ್ಟತದ, ಅದು ಹೊಳ್ಳಿ ಬ್ಯಾಟರಿಗೆ ಹೋಗತದ. ಈ ಜನರೇಟರ್ ಕಾಟ ತಪ್ಪತದ ನೋಡು."

ನಾನು ನಗಲಿಲ್ಲ. ಯಾಕೆಂದರೆ ಇದು ದಡ್ಡ ಹುಡುಗನ ಪ್ರಶ್ನೆ ಅಲ್ಲ. ತಾಮ್ರದ ಸುರುಳಿಯ ಮುಂದೆ ಅಯಸ್ಕಾಂತ ಆಡಿಸಿದರೆ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ. ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತ ಹುಡುಗನಾಗಿದ್ದವನು ಅವನು. ಜಗತ್ತಿನ ಬಹುಪಾಲು ವಿದ್ಯುತ್ತು ಇವತ್ತಿಗೂ ಆ ತತ್ವದ ಮೇಲೇ ಹುಟ್ಟುತ್ತದೆ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಅದೇ, ಕಪ್ಪತಗುಡ್ಡದ ಗಾಳಿಯಂತ್ರದಿಂದ ಬರುವುದೂ ಅದೇ. ಹುಡುಗ ಓದಿದ್ದು ಸರಿ. ಅವನ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು, ಅಷ್ಟೇ.

ಉತ್ತರ ಹೇಳುವ ಮೊದಲು ಅವನ ಡಬ್ಬಿಯಲ್ಲಿದ್ದ ಒಂದು ಸುಟ್ಟ ಡ್ರೋನ್ ಮೋಟಾರು ಇಸಿದುಕೊಂಡೆ. ರೇಡಿಯೋದಲ್ಲಿ ತೋರಿಸಲಿಕ್ಕೆ ಬರುವುದಿಲ್ಲ, ಹೇಳುತ್ತೇನೆ. ಅಡ್ಡಗಲದಲ್ಲಿ ಸಣ್ಣ ತಾಟಿನ ಹಾಗಿರುತ್ತದೆ. ಮೇಲಿನ ಮುಚ್ಚಳ ತಿರುಗುತ್ತದೆ, ಒಳಗಿನದು ಕೂತಲ್ಲೇ ಇರುತ್ತದೆ. ಮುಚ್ಚಳ ಕಿತ್ತರೆ ಅದರ ಒಳಗೋಡೆಗೆ ಸಾಲಾಗಿ ಅಂಟಿಸಿದ ಚಪ್ಪಟೆ ಬಿಲ್ಲೆಗಳು. ಹುಡುಗನಿಗೆ ಅವೇನೆಂದು ಗೊತ್ತು. ಆದರೂ ಕೇಳಿದೆ. "ಮ್ಯಾಗ್ನೆಟ್ಟು" ಅಂದ. ಅವನ ಕಿಸೆಯಲ್ಲಿದ್ದ ಜಾತಿಯವೇ, ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದವು. 1980ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಒಂದು ತಂಡ, ಅಮೆರಿಕದಲ್ಲಿ ಒಂದು ತಂಡ, ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದವು. ಇಂಥ ಸೂಜಿಗಲ್ಲು ಇಲ್ಲದಿದ್ದರೆ ಅಂಗೈಯಗಲದ ಮೋಟಾರು ಐದಾರು ಕಿಲೋ ಎತ್ತುವ ಮಾತೇ ಇರಲಿಲ್ಲ. ಅಂದರೆ ಡ್ರೋನಿಗೆ ಮ್ಯಾಗ್ನೆಟ್ಟು ಹಚ್ಚುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿದೆ.

ಆ ಮೋಟಾರಿನಿಂದ ಮೂರು ವೈರು ಹೊರಗೆ ಬಂದಿರುತ್ತವೆ. ವೈರುಗಳನ್ನು ಬಿಡಿಯಾಗಿ ಬಿಟ್ಟು ಮುಚ್ಚಳವನ್ನು ಬೆರಳಿನಿಂದ ಚಿಮ್ಮಿದರೆ ಸಲೀಸಾಗಿ ನಾಲ್ಕು ಸುತ್ತು ತಿರುಗುತ್ತದೆ. ಈಗ ಮೂರೂ ವೈರಿನ ತುದಿ ಸುಲಿದು ಒಂದಕ್ಕೊಂದು ಸುತ್ತಿಬಿಡಿ. ಮತ್ತೆ ಚಿಮ್ಮಿ. ಜೋನಿಬೆಲ್ಲದಲ್ಲಿ ಕೈ ಅದ್ದಿದ ಹಾಗೆ ಆಗುತ್ತದೆ, ಅರ್ಧ ಸುತ್ತಿಗೆ ನಿಂತುಬಿಡುತ್ತದೆ. ಅವನ ಹತ್ತಿರ ಇದ್ದದ್ದು ಒಂದೇ ಸುರುಳಿ ಸುಟ್ಟ ಮೋಟಾರು, ಆದರೂ ಬಿಗಿ ಕೈಗೆ ಗೊತ್ತಾಗುತ್ತಿತ್ತು. ಹುಡುಗ ಹತ್ತು ಸಲ ಬಿಚ್ಚಿ ಕಟ್ಟಿ ನೋಡಿದ. ವೈರು ಜೋಡಿಸಿದಾಗ ಕರೆಂಟು ಹರಿಯುತ್ತದೆ, ಹರಿದ ಕರೆಂಟು ತನ್ನನ್ನು ಹುಟ್ಟಿಸಿದ ತಿರುಗಾಟವನ್ನೇ ತಡೆಯುತ್ತದೆ. ಹೈನ್ರಿಖ್ ಲೆಂಜ್ ಎಂಬವನು 1834ರಲ್ಲಿ ಇದನ್ನು ನಿಯಮವಾಗಿ ಬರೆದಿಟ್ಟ. ಪಿಯುಸಿ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಬೆರಳಿಗೆ ಗೊತ್ತಾಗುವುದು ಹೀಗೆ.

ವಯಸ್ಸಾದವರಿಗೆ ಮೋಟಾರು ಬಿಚ್ಚುವ ಅಗತ್ಯ ಇಲ್ಲ. ಸೈಕಲ್ಲಿನ ಡೈನಮೋ ನೆನಪಿದೆಯಲ್ಲ? ರಾತ್ರಿ ಹಾವೇರಿಯಲ್ಲಿ ಎರಡನೇ ಆಟದ ಸಿನಿಮಾ ನೋಡಿ ಊರಿಗೆ ಬರುವಾಗ ಡೈನಮೋದ ತಲೆಯನ್ನು ಟಯರಿಗೆ ಒರಗಿಸುತ್ತಿದ್ದೆವು. ಜುಂಯ್ ಅನ್ನುವ ಸದ್ದು, ಹಳದಿ ಬೆಳಕು, ಜೊತೆಗೇ ತೊಡೆಯಲ್ಲಿ ನೋವು. ಹಿಂದೆ ಕೂತವನು "ಲೈಟ್ ತಗಿ, ಚಂದ್ರಾಮ ಅದಾನ" ಅಂತ ಅನ್ನುತ್ತಿದ್ದ. ದೀಪ ಇದ್ದದ್ದು ಮೂರು ವ್ಯಾಟಿನದು. ಮೂರೇ ವ್ಯಾಟು! ಅಷ್ಟಕ್ಕೆ ಕಾಲು ಗುರುತು ಹಿಡಿಯುತ್ತಿತ್ತು. ಬೆಳಕು ಬಂದದ್ದು ಡೈನಮೋದೊಳಗಿನ ಸೂಜಿಗಲ್ಲಿನಿಂದಲ್ಲ, ಉಂಡ ರೊಟ್ಟಿಯಿಂದ.

ಹೀಗೆ ಹೇಳಿದಾಗ ಹುಡುಗ ಕೇಳಿದ, "ಹಂಗಾದ್ರ ಮ್ಯಾಗ್ನೆಟ್ ಏನ್ ಮಾಡತದ ಕಾಕಾ?" ಒಳ್ಳೆಯ ಪ್ರಶ್ನೆ. ಹೊಲದಲ್ಲಿ ಒಂದು ಜೋಡಿ ಎತ್ತು ಹೂಡಿದ್ದು ಕಾಣುತ್ತಿತ್ತು. ನೊಗ ತೋರಿಸಿದೆ. ಎತ್ತಿನ ಬಲ ಕುಂಟೆಗೆ ಮುಟ್ಟಬೇಕಾದರೆ ನೊಗ ಬೇಕು. ನೊಗ ಇಲ್ಲದಿದ್ದರೆ ಎತ್ತು ಎತ್ತೇ, ಕುಂಟೆ ಕುಂಟೆಯೇ. ಆದರೆ ನಾಲ್ಕು ನೊಗ ಹೆಚ್ಚಿಗೆ ಕಟ್ಟಿದ್ದರಿಂದ ಎತ್ತಿನ ಬಲ ಹೆಚ್ಚಾದದ್ದನ್ನು ಯಾವ ರೈತನೂ ಕಂಡಿಲ್ಲ. ಎತ್ತಿನ ಹೆಗಲು ಹಣ್ಣಾಗುತ್ತದೆ, ಅಷ್ಟೇ.

ಈಗ ಸ್ವಲ್ಪ ಲೆಕ್ಕ. ಬೇಸರ ಮಾಡಿಕೊಳ್ಳಬೇಡಿ, ಎಲ್ಲ ನಿಮ್ಮ ಮನೆಯ ಲೆಕ್ಕವೇ.

ಅವನ ಡ್ರೋನು ಟ್ಯಾಂಕು ತುಂಬಿದಾಗ ಹತ್ತಿರ ಹತ್ತಿರ 25 ಕಿಲೋ. ಅದನ್ನು ಗಾಳಿಯಲ್ಲಿ ನಿಲ್ಲಿಸಲಿಕ್ಕೆ ಸುಮಾರು 3 ಕಿಲೋವ್ಯಾಟ್ ಬೇಕು. ನಿಮ್ಮ ಬೋರ್‌ವೆಲ್ಲಿನ 5 ಎಚ್‌ಪಿ ಮೋಟಾರು ಅಂದರೆ 3.7 ಕಿಲೋವ್ಯಾಟ್. ಅಂದರೆ ನಿಮ್ಮ ತಲೆಯ ಮೇಲೆ ಹಾರುತ್ತಿರುವುದು ಹೆಚ್ಚುಕಡಿಮೆ ಒಂದು ಪಂಪ್‌ಸೆಟ್ಟು. ಪಂಪ್‌ಸೆಟ್ಟು ನೀರನ್ನು ಮೇಲಕ್ಕೆ ನೂಕಿದರೆ ಇದು ಗಾಳಿಯನ್ನು ಕೆಳಕ್ಕೆ ನೂಕುತ್ತದೆ. ನೂಕುವುದು ನಿಂತ ಗಳಿಗೆ ಅದು ಮೆಣಸಿನಗಿಡದ ಮೇಲೆ.

ಇನ್ನು ಬ್ಯಾಟರಿ. 44 ವೋಲ್ಟು, 22 ಆಂಪಿಯರ್ ಅವರ್. ಗುಣಿಸಿದರೆ ಸಾವಿರ ವ್ಯಾಟ್ ಅವರಿಗೆ ಸ್ವಲ್ಪ ಕಡಿಮೆ. ಅದಕ್ಕೆ ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಒಂದು ಯುನಿಟ್ ಅನ್ನುತ್ತಾರೆ. ಐದಾರು ಕಿಲೋ ತೂಕದ, ಹೊರಲಾರದ ಬೆಲೆಯ ಆ ಡಬ್ಬಿಯೊಳಗೆ ಇರುವುದು ಒಂದೇ ಒಂದು ಯುನಿಟ್ಟು! ಗಂಟೆಗೆ ಮೂರು ಯುನಿಟ್ಟು ತಿನ್ನುವ ಯಂತ್ರ ಒಂದು ಯುನಿಟ್ಟಿನ ಮೇಲೆ ಇಪ್ಪತ್ತು ನಿಮಿಷ ನಿಂತೀತು. ಬ್ಯಾಟರಿಯನ್ನು ತಳ ಕಾಣುವ ತನಕ ಹೀರಿದರೆ ಅದು ಸಾಯುತ್ತದೆ, ಐದನೇ ಒಂದು ಪಾಲು ಬಿಟ್ಟೇ ಇಳಿಸಬೇಕು. ಗಾಳಿ ಬೀಸಿದರೆ ಇನ್ನಷ್ಟು ಕಡಿಮೆ. ಹನ್ನೆರಡು ನಿಮಿಷದ ಗೋಳು ಬಂದದ್ದು ಇಲ್ಲಿಂದ.

ಈ ಯಂತ್ರಕ್ಕೆ ಒಂದು ಕಿಲೋ ಹೆಚ್ಚಿಗೆ ಹೊರಿಸಿದರೆ ಏನಾಗುತ್ತದೆ? ತೂಕ ನೂರಕ್ಕೆ ನಾಲ್ಕು ಹೆಚ್ಚಾದರೆ ಬೇಕಾಗುವ ಶಕ್ತಿ ನೂರಕ್ಕೆ ಆರು ಹೆಚ್ಚಾಗುತ್ತದೆ. ತೂಕಕ್ಕಿಂತ ಖರ್ಚು ಮುಂದೆ ಓಡುತ್ತದೆ, ಅದು ಹೆಲಿಕಾಪ್ಟರ್ ಜಾತಿಯ ಹಣೆಬರಹ. ಅಂದರೆ ಒಂದು ಕಿಲೋ ತಾಮ್ರ, ಮ್ಯಾಗ್ನೆಟ್ಟು, ಬೋಲ್ಟು, ವೈರು ಸೇರಿಸಿದರೆ ಸುಮಾರು 180 ವ್ಯಾಟು ಬರೀ ಅದನ್ನು ಹೊತ್ತು ನಿಲ್ಲುವುದಕ್ಕೇ ಹೋಯಿತು. ಇನ್ನೂ ಒಂದು ದೀಪವೂ ಹೊತ್ತಿಲ್ಲ.

ದೀಪ ಹೊತ್ತಿಸೋಣ ಅನ್ನಿ. ಸುರುಳಿಯಿಂದ ನೂರು ವ್ಯಾಟು ತೆಗೆದರೆ ಪಂಕ ಅಷ್ಟು ಬಿಗಿಯಾಗುತ್ತದೆ. ಬಿಗಿಯಾದ ಪಂಕ ಮೊದಲಿನ ವೇಗದಲ್ಲೇ ತಿರುಗಬೇಕಾದರೆ ಮೋಟಾರು ಹೆಚ್ಚಿಗೆ ಎಳೆಯಬೇಕು. ಮೋಟಾರಿನಲ್ಲೊಂದು ಸೋರಿಕೆ, ಅದನ್ನು ನಡೆಸುವ ಸರ್ಕೀಟಿನಲ್ಲೊಂದು ಸೋರಿಕೆ, ಎಲ್ಲ ಸೇರಿ ಬ್ಯಾಟರಿಯಿಂದ ನೂರಮೂವತ್ತಕ್ಕೂ ಮೇಲೆ ಹೊರಬಿದ್ದಿರುತ್ತದೆ. ವಾಪಸು ತುಂಬುವಾಗ ಅಲ್ಲೂ ಸೋರಿಕೆ, ನೂರರಲ್ಲಿ ತೊಂಬತ್ತು ಒಳಗೆ ಹೋದರೆ ಪುಣ್ಯ.

ಬ್ಯಾಡಗಿಯ ಮಾರುಕಟ್ಟೆ ಕಂಡವರಿಗೆ ಇದು ತಟ್ಟನೆ ತಿಳಿಯುತ್ತದೆ. ಒಬ್ಬ ರೈತ ತನ್ನದೇ ಹತ್ತು ಚೀಲ ಡಬ್ಬಿ ಮೆಣಸಿನಕಾಯಿ ಒಂದು ಅಂಗಡಿಯಲ್ಲಿ ಹಾಕಿ, ಸಂಜೆಗೆ ಅವೇ ಹತ್ತು ಚೀಲವನ್ನು ತಾನೇ ಕೊಂಡು ಮನೆಗೆ ತಂದ ಅನ್ನಿ. ಎರಡು ಸಲ ಹಮಾಲಿ, ಎರಡು ಸಲ ತೂಕ, ನಡುವೆ ದಲಾಲಿ, ಚೀಲದಿಂದ ಉದುರಿದ ಕಾಯಿ ಬೇರೆ. ಅವನನ್ನು ವ್ಯಾಪಾರಸ್ಥ ಅನ್ನುತ್ತೀರೋ ಬೇರೇನಾದರೂ ಅನ್ನುತ್ತೀರೋ? ಹುಡುಗನಿಗೆ ಈ ಮಾತು ನಾಟಿತು. ಲೆಂಜ್ ನಾಟದ ಕಡೆ ದಲಾಲಿ ನಾಟಿತು.

ನಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ, ಅಪಾಯವೂ ಇದೆ. ಆ ಪಂಕ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತದೆ ಅನ್ನಿ. ತುದಿಗೆ ಒಂದೇ ಒಂದು ಗ್ರಾಂ ಮ್ಯಾಗ್ನೆಟ್ಟು ಅಂಟಿಸಿದರೆ, ತಿರುಗುವಾಗ ಅದು ಮೂರೂವರೆ ಕಿಲೋ ಕಲ್ಲು ಜೋತುಬಿದ್ದಷ್ಟು ಜೋರಿನಿಂದ ಹೊರಕ್ಕೆ ಎಳೆಯುತ್ತದೆ. ಅಂಟು ಬಿಟ್ಟರೆ ಅದು ಕವಣೆಕಲ್ಲು. ಒಂದು ತುದಿಯದು ಹಾರಿ ಇನ್ನೊಂದು ತುದಿಯದು ಉಳಿದರೆ ಡ್ರೋನು ಮೈಮೇಲೆ ಬಂದವರ ಹಾಗೆ ನಡುಗಿ ಬೀಳುತ್ತದೆ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಹೊಳೆಯುವುದಿಲ್ಲ. ಡ್ರೋನಿನ ನೆತ್ತಿಯ ಮೇಲೆ ಕಡ್ಡಿಗೆ ಸಿಕ್ಕಿಸಿದ ಅಣಬೆಯಂಥ ಒಂದು ಡಬ್ಬಿ ಇರುತ್ತದಲ್ಲ, ಅದರಲ್ಲಿ ಜಿಪಿಎಸ್ ಜೊತೆಗೆ ದಿಕ್ಸೂಚಿಯೂ ಇರುತ್ತದೆ. ಉತ್ತರ ಯಾವ ಕಡೆ ಅಂತ ಅದು ಭೂಮಿಯ ಕಾಂತಕ್ಷೇತ್ರ ಕೇಳಿ ತಿಳಿದುಕೊಳ್ಳುತ್ತದೆ. ಭೂಮಿಯ ಕ್ಷೇತ್ರ ಅಂದರೆ ಪಿಸುಮಾತು. ಹುಡುಗನ ಕಿಸೆಯಲ್ಲಿದ್ದ ಗುಂಡಿಯಂಥದು ಗೇಣಿನ ಅರ್ಧ ದೂರದಲ್ಲಿ ಇದ್ದರೂ ಅದಕ್ಕಿಂತ ಜೋರಾಗಿ ಕೂಗುತ್ತದೆ. ದಿಕ್ಸೂಚಿಗೆ ಆ ಕೂಗು ಉತ್ತರ ಧ್ರುವದಿಂದ ಬಂದದ್ದೋ ಪಂಕದಿಂದ ಬಂದದ್ದೋ ತಿಳಿಯದು. ಡ್ರೋನು ಒಂದೇ ಕಡೆ ನಿಲ್ಲಲು ಹೋಗಿ ಸುತ್ತ ಸುತ್ತ ಗಿರಕಿ ಹೊಡೆಯುತ್ತದೆ, ಗಿರಕಿ ದೊಡ್ಡದಾಗುತ್ತ ಹೋಗುತ್ತದೆ. ಸ್ಪೀಕರ್ ಇರುವ ಗಾಡಿಯ ಬಾನೆಟ್ಟಿನ ಮೇಲೆ ಡ್ರೋನು ಇಟ್ಟು ದಿಕ್ಸೂಚಿ ಸರಿಮಾಡಬೇಡಿ ಅಂತ ಕಲಿಸುವವರು ಹೇಳುವುದು ಇದಕ್ಕೇ.

ತಾನಾಗಿ ತಿರುಗುವ ಚಕ್ರದ ಆಸೆ ನಮ್ಮ ಹುಡುಗನೊಬ್ಬನದಲ್ಲ, ಬಿಡಿ. ಲೀಲಾವತಿ ಬರೆದ ಭಾಸ್ಕರಾಚಾರ್ಯ ತನ್ನ ಸಿದ್ಧಾಂತ ಶಿರೋಮಣಿಯಲ್ಲಿ, ಅಂದರೆ 1150ರ ಸುಮಾರಿಗೆ, ಅಂಥದೊಂದು ಚಕ್ರವನ್ನು ವರ್ಣಿಸಿದ್ದಾನೆ. ಪೊಳ್ಳು ಅರೆಗಳಲ್ಲಿ ಅರ್ಧ ಪಾದರಸ ತುಂಬಿ ಬಾಯಿ ಮುಚ್ಚಿದರೆ ಚಕ್ರ ತನ್ನಷ್ಟಕ್ಕೆ ತಿರುಗುತ್ತದೆಯಂತೆ. ಅವನು ವಿಜಾಪುರದ ಕಡೆಯವನೋ ಮಹಾರಾಷ್ಟ್ರದವನೋ ಅಂತ ಪಂಡಿತರು ಜಗಳವಾಡುತ್ತಾರೆ. ಚಕ್ರ ತಿರುಗಲಿಲ್ಲ ಎಂಬ ವಿಷಯದಲ್ಲಿ ಮಾತ್ರ ಜಗಳವಿಲ್ಲ. ಅಷ್ಟು ದೊಡ್ಡ ಗಣಿತಜ್ಞನಿಗೇ ಆಸೆ ಹುಟ್ಟಿತ್ತು ಅಂದಮೇಲೆ ಐಟಿಐ ಹುಡುಗನನ್ನು ಯಾಕೆ ಬೈಯಬೇಕು? ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗಂತೂ ಇಂಥ ಯಂತ್ರದ ಅರ್ಜಿ ನೋಡಿ ನೋಡಿ ಸಾಕಾಗಿ, 1775ರಲ್ಲಿ ಇನ್ನು ಮುಂದೆ ಇವನ್ನು ಪರಿಶೀಲಿಸುವುದಿಲ್ಲ ಅಂತ ಬಾಗಿಲು ಹಾಕಿಕೊಂಡಿತು. ಈಗಿನವರು ಅರ್ಜಿ ಹಾಕುವುದಿಲ್ಲ, ಮೊಬೈಲಿನಲ್ಲಿ ವಿಡಿಯೋ ಬಿಡುತ್ತಾರೆ. ಎರಡು ಮ್ಯಾಗ್ನೆಟ್ಟು, ಒಂದು ಫ್ಯಾನು, ಹೊತ್ತಿ ಉರಿಯುವ ಬಲ್ಬು. ಮೇಜಿನ ಕೆಳಗಿನ ಬ್ಯಾಟರಿ ಕಾಣುವುದಿಲ್ಲ.

ಹಾಗಾದರೆ ಹಾರುತ್ತ ಹಾರುತ್ತ ಶಕ್ತಿ ಗಳಿಸುವ ದಾರಿಯೇ ಇಲ್ಲವೇ? ಇದೆ. ಆದರೆ ಹೊರಗಿನಿಂದ ಯಾರೋ ಕೊಡಬೇಕು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸ್ಟೇಷನ್ನುಗಳನ್ನು ದಾಟಿ ಹೋಗುವ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ನೋಡಿರುತ್ತೀರಿ, 2023ರ ಜೂನಿನಿಂದ ಓಡುತ್ತಿದೆ. ಬ್ರೇಕು ಹಾಕಿದಾಗ ಅದರ ಮೋಟಾರುಗಳು ಜನರೇಟರಾಗಿ ಬದಲಾಗಿ ಕರೆಂಟನ್ನು ಮೇಲಿನ ತಂತಿಗೆ ವಾಪಸು ಕೊಡುತ್ತವೆ. ಅಲ್ಲಿ ಬಿಗಿಯಾಗುವುದೇ ಬೇಕಾದದ್ದು, ರೈಲು ನಿಲ್ಲಬೇಕಲ್ಲ! ನೂರಾರು ಟನ್ನಿನ ಓಟದಲ್ಲಿ ಶಕ್ತಿ ಕೂಡಿಬಿದ್ದಿರುತ್ತದೆ. ಡ್ರೋನಿನಲ್ಲೂ ಇಳಿಯುವಾಗ ಹಾಗೆ ಮಾಡಬಹುದಲ್ಲ ಅಂದರೆ, ತುಂಬಿದ ಡ್ರೋನು ನಾಲ್ಕು ಮೀಟರ್ ಎತ್ತರದಿಂದ ಇಳಿದಾಗ ಒಂದು ಹನಿಯೂ ಸೋರದ ಹಾಗೆ ಹಿಡಿದರೂ ಸಿಗುವುದು ಸಾವಿರ ಜೂಲಿಗಿಂತ ಸ್ವಲ್ಪ ಕಡಿಮೆ. ಅದು ಡ್ರೋನನ್ನು ಗಾಳಿಯಲ್ಲಿ ನಿಲ್ಲಿಸಲು ಒಂದು ಸೆಕೆಂಡಿನ ಮೂರನೇ ಒಂದು ಪಾಲಿಗೆ ಸಾಕು. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು.

ಬಿಸಿಲಿಗೇನು ಬರ, ಸೋಲಾರ್ ಹಚ್ಚೋಣ ಅನ್ನುವವರಿದ್ದಾರೆ. ಕಡು ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸುಮಾರು ಸಾವಿರ ವ್ಯಾಟು ಬೀಳುತ್ತದೆ, ಒಳ್ಳೆಯ ಫಲಕ ಅದರ ಐದನೇ ಒಂದು ಪಾಲು ಹಿಡಿಯುತ್ತದೆ. ಡ್ರೋನಿನ ಬೆನ್ನ ಮೇಲೆ ಇರುವ ಜಾಗ ಒಂದು ಮರದಷ್ಟು, ಜ್ವಾರಿ ಕೇರುವ ಮರ. ಅರವತ್ತು ವ್ಯಾಟು ಬಂದರೆ ಹೆಚ್ಚು, ಬೇಕಾದದ್ದು ಮೂರು ಸಾವಿರ. ಅದೇ ಬಿಸಿಲಿನಿಂದ ಹಾರುವ ವಿಮಾನವನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ 2024ರ ಫೆಬ್ರುವರಿಯಲ್ಲಿ ಹಾರಿಸಿದರು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎನ್‌ಎಎಲ್ ಅನ್ನುತ್ತೇವಲ್ಲ, ಅವರು ಮಾಡಿದ್ದು. ತೂಕ 23 ಕಿಲೋ, ಹತ್ತಿರ ಹತ್ತಿರ ನಮ್ಮ ಹುಡುಗನ ಡ್ರೋನಿನಷ್ಟೇ. ಆದರೆ ರೆಕ್ಕೆಯ ಉದ್ದ 11 ಮೀಟರು! ಎಂಟೂವರೆ ತಾಸು ಆಕಾಶದಲ್ಲಿತ್ತು. ಏರ್‌ಬಸ್ ಕಂಪನಿಯ ಜೆಫಿರ್ ಎಂಬ ಇದೇ ಜಾತಿಯ ವಿಮಾನ 2022ರಲ್ಲಿ 64 ದಿನ ಇಳಿಯಲೇ ಇಲ್ಲ. ಅವು ಗಿಡುಗನ ಹಾಗೆ ರೆಕ್ಕೆ ಚಾಚಿ ಗಾಳಿಯ ಮೇಲೆ ಒರಗುತ್ತವೆ. ನಮ್ಮದು ಗುಂಗಿಹುಳದ ಹಾಗೆ ಬಡಿದುಕೊಂಡೇ ನಿಲ್ಲಬೇಕು. ಹತ್ತು ಲೀಟರ್ ಎಣ್ಣಿ ಹೊತ್ತು ಮೆಣಸಿನ ಸಾಲಿನ ಮೇಲೆ ತೆವಳಲಿಕ್ಕೆ ಗಿಡುಗನಿಗೆ ಬರುವುದಿಲ್ಲ.

ಇನ್ನೊಂದು ದಾರಿ ಕೇಳಿ. ಇದರಲ್ಲಿ ಕಾಂತಶಕ್ತಿಯ ಕೈವಾಡ ನಿಜವಾಗಿಯೂ ಇದೆ. ದಕ್ಷಿಣ ಡೆನ್ಮಾರ್ಕ್ ವಿಶ್ವವಿದ್ಯಾಲಯದವರು ನಾಲ್ಕು ಕಿಲೋ ಚಿಲ್ಲರೆ ತೂಕದ ಒಂದು ಡ್ರೋನು ಮಾಡಿದ್ದಾರೆ. ಅದು ವಿದ್ಯುತ್ ಲೈನಿನ ಕೆಳಗೆ ಬಾವಲಿಯ ಹಾಗೆ ಜೋತುಬೀಳುತ್ತದೆ. ತಂತಿಯಲ್ಲಿ ಹರಿಯುವ ಕರೆಂಟಿನ ಸುತ್ತ ಕಾಂತಕ್ಷೇತ್ರ ಇದ್ದೇ ಇರುತ್ತದೆ, ಅದನ್ನು ಒಂದು ಕಬ್ಬಿಣದ ಬಳೆ ಮತ್ತು ಸುರುಳಿಯಿಂದ ಹಿಡಿದು ಬ್ಯಾಟರಿ ತುಂಬಿಕೊಂಡು ಮತ್ತೆ ಹಾರುತ್ತದೆ. 2024ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಹೀಗೆ ಎರಡು ತಾಸಿಗೂ ಮೇಲೆ ಮನುಷ್ಯರ ಕೈ ಮುಟ್ಟದೆ ಕೆಲಸ ಮಾಡಿತು. ಹುಡುಗನ ಕಣ್ಣು ಅರಳಿತು. "ಹೊಲದಾಗ ಲೈನ್ ಹಾದು ಹೋಗೇದಲ್ಲ ಕಾಕಾ!" ಅಂದ. ಅದು ಬೇರೆಯವರ ಕರೆಂಟು, ಮೀಟರ್ ಇಲ್ಲದೆ ಹೀರಿದರೆ ಅದಕ್ಕೆ ಕಳವು ಅಂತ ಹೆಸರು, ಜೊತೆಗೆ ಜೀವಕ್ಕೆ ಸಂಚಕಾರ ಅಂತ ಹೇಳಿ ಕೂಡಿಸಿದೆ. ಆ ಕಡೆ ನೋಡುವುದನ್ನು ಅವನು ಬಿಡಲಿಲ್ಲ.

ಉಳಿದದ್ದು ಪೆಟ್ರೋಲು. ಒಂದು ಲೀಟರ್ ಪೆಟ್ರೋಲಿನಲ್ಲಿ ಹತ್ತಿರ ಹತ್ತಿರ ಒಂಬತ್ತು ಯುನಿಟ್ಟಿನಷ್ಟು ಶಾಖ ಅಡಗಿದೆ. ಸಣ್ಣ ಜನರೇಟರು ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಹೊಗೆಯಲ್ಲಿ, ಬಿಸಿಯಲ್ಲಿ ಬಿಟ್ಟು ಒಂದೂವರೆ ಎರಡು ಯುನಿಟ್ಟು ಕೊಟ್ಟರೂ, ಒಂದು ಕಿಲೋ ತೂಗದ ಆ ಲೀಟರು ಐದಾರು ಕಿಲೋದ ಬ್ಯಾಟರಿಗಿಂತ ಮುಂದೆ. ಅದಕ್ಕೇ ಸಣ್ಣ ಪೆಟ್ರೋಲ್ ಎಂಜಿನ್ನನ್ನೇ ಹೊತ್ತು ಹಾರುವ ಡ್ರೋನುಗಳೂ ಇವೆ. ಅಲ್ಲಿ ಸೂಜಿಗಲ್ಲು ತಿರುಗುತ್ತದೆ, ಕರೆಂಟೂ ಹುಟ್ಟುತ್ತದೆ. ತಿರುಗಿಸುವ ಎತ್ತು ಪೆಟ್ರೋಲು.

ಸರಕಾರದ ಕಾಗದಪತ್ರದಲ್ಲೂ ಈ ಮಿತಿ ಕಾಣುತ್ತದೆ. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ನಮೋ ಡ್ರೋನ್ ದೀದಿ ಯೋಜನೆ 1,261 ಕೋಟಿ ರೂಪಾಯಿಯದು, 15,000 ಸಂಘಗಳಿಗೆ. ಅದರ ಮಾರ್ಗಸೂಚಿಯಲ್ಲಿ ಡ್ರೋನಿನ ಜೊತೆ ಹೆಚ್ಚುವರಿಯಾಗಿ ನಾಲ್ಕು ಜೊತೆ ಬ್ಯಾಟರಿ, ವೇಗದ ಚಾರ್ಜರು ಕೊಡಬೇಕು ಅಂತಿದೆ. ಅಷ್ಟಿದ್ದರೆ ದಿನಕ್ಕೆ 20 ಎಕರೆ ಮುಗಿಸಬಹುದು ಎಂಬ ಅಂದಾಜು. ಆ ಬ್ಯಾಟರಿಗಳಿಗೆ ಕರೆಂಟು ಎಲ್ಲಿಂದ? ಊರಲ್ಲಿ ಸಿಂಗಲ್ ಫೇಸ್ ಇದ್ದಾಗ ಮನೆಯಲ್ಲಿ, ಹೊಲದಲ್ಲಿ ಜನರೇಟರು. ಪಂಪ್‌ಸೆಟ್ಟಿನ ಏಳು ತಾಸಿನ ತ್ರೀಫೇಸು ನಡುರಾತ್ರಿ ಬಂದರೆ ಡ್ರೋನಿನ ಅಕ್ಕ ಎದ್ದು ಕೂರುತ್ತಾಳೆಯೇ? ಈ ಪ್ರಶ್ನೆಯನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ಕೇಳಬೇಕು ಅಂತ ಹುಡುಗ ಬರೆದಿಟ್ಟುಕೊಂಡಿದ್ದಾನೆ.

ಇಷ್ಟೆಲ್ಲ ಹೇಳಿ ಅವನಿಗೆ ಬರಿಗೈ ತೋರಿಸಬಾರದಲ್ಲ, ಒಂದು ಉಪಾಯ ಹೇಳಿದೆ. ತೂಕಕ್ಕಿಂತ ಖರ್ಚು ಮುಂದೆ ಓಡುತ್ತದೆ ಅಂದೆನಲ್ಲ, ಅದೇ ಲೆಕ್ಕ ಇಳಿಯುವಾಗಲೂ ನಿಜ. ತುಂಬಿದಾಗ 25 ಕಿಲೋ ಇದ್ದದ್ದು ಟ್ಯಾಂಕು ಖಾಲಿಯಾದಾಗ 15 ಆಗುತ್ತದೆ. ಆಗ ನಿಲ್ಲಲು ಬೇಕಾದ ಶಕ್ತಿ ಅರ್ಧಕ್ಕಿಂತ ಕಡಿಮೆ. ಹಾಗಾಗಿ ತುಂಬಿದ ಟ್ಯಾಂಕು ಹೊತ್ತುಕೊಂಡು ಗಾಳಿಯಲ್ಲಿ ನಿಂತು ಸಾಲು ಹುಡುಕುವುದು, ಹೊಲದ ಯಜಮಾನ ಬರಲಿ ಅಂತ ಕಾಯುವುದು, ಫೋಟೊಕ್ಕೆ ನಿಲ್ಲಿಸುವುದು, ಇದು ಮಹಾ ದುಂದು. ನಕ್ಷೆ ಮೊದಲೇ ಹಾಕಿಟ್ಟು, ಬದುವಿನಿಂದ ಎದ್ದವನೇ ಹೊಡೆಯಲು ಶುರುಮಾಡು. ದೂರದ ಸಾಲು ಮೊದಲು ಮುಗಿಸುವ ಬದಲು ಹತ್ತಿರದ್ದರಿಂದ ಹೊಡೆಯುತ್ತ ಹೋಗು, ಭಾರ ಕಡಿಮೆಯಾದ ಮೇಲೆ ದೂರ ಹೋಗಿ ಹಗುರಾಗಿ ವಾಪಸು ಬಾ. ಪಿಕಪ್ ಗಾಡಿಯನ್ನು ಹೊಲದ ನಡುಮಧ್ಯಕ್ಕೆ ಎಷ್ಟು ತರಲು ಆಗುತ್ತದೋ ಅಷ್ಟು ತಾ. ಒಂದು ವಾರ ಬಿಟ್ಟು ಫೋನು ಮಾಡಿದ. ಒಂದು ಬ್ಯಾಟರಿಗೆ ಮೊದಲಿಗಿಂತ ಎರಡು ಮೂರು ಸಾಲು ಹೆಚ್ಚಿಗೆ ಬರುತ್ತಿದೆಯಂತೆ. ದೊಡ್ಡದೇನಲ್ಲ.

ಆ ಹತ್ತು ಸೂಜಿಗಲ್ಲು ಏನಾದವು ಅಂತ ನೀವು ಕೇಳಬಹುದು. ಅವನ ಅವ್ವ, ನಮ್ಮ ಅತ್ತಿಗೆ, ಬ್ಯಾಡಗಿಯಲ್ಲಿ ಖಾರ ಕುಟ್ಟಿಸಿ ಮಾರುತ್ತಾಳೆ. ದೊಡ್ಡ ಗಿರಣಿಗಳಲ್ಲಿ ಪುಡಿ ಬೀಳುವ ಜಾಗದಲ್ಲಿ ಮ್ಯಾಗ್ನೆಟ್ಟು ಇಟ್ಟಿರುತ್ತಾರೆ, ಯಂತ್ರ ಸವೆದು ಉದುರಿದ ಕಬ್ಬಿಣದ ಚೂರು ಖಾರದಲ್ಲಿ ಸೇರಬಾರದು ಅಂತ. ಅತ್ತಿಗೆಯ ಸಣ್ಣ ಗಿರಣಿಗೆ ಅದು ಇರಲಿಲ್ಲ. ಹುಡುಗ ಒಂದು ಸ್ಟೀಲ್ ಪಟ್ಟಿಗೆ ಹತ್ತನ್ನೂ ಸಾಲಾಗಿ ಕೂರಿಸಿ, ಪುಡಿ ಜಾರುವ ತಗಡಿನ ಬಾಯಿಗೆ ಅಡ್ಡ ಕಟ್ಟಿದ. ಸಂಜೆ ಪಟ್ಟಿ ಬಿಚ್ಚಿ ಬಿಳಿ ಬಟ್ಟೆಯಿಂದ ಒರೆಸಿದಳು. ಕೆಂಪು ಖಾರದ ನಡುವೆ ಕಪ್ಪು ಕಪ್ಪು ಪುಡಿ, ಒಂದು ತುಂಡು ತಂತಿ, ಗೋಣಿಚೀಲ ಹೊಲಿಯುವ ದಬ್ಬಣದ ಮುರಿದ ತುದಿ.

"ಅಯ್ಯ ಶಿವನ! ಇದನ್ನ ಇಷ್ಟು ದಿನ ತಿಂದೀವೇನ್ರೀ ಮೈದುನಾರ?" ಅಂದಳು. ಆಮೇಲೆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೂ ರಾತ್ರಿ ಚಾರ್ಜಿಗೆ ಹಚ್ಚಬೇಕೇನ್ರೀ?" ಅಂತ ಕೇಳಿದಳು.

ಬೇಡ ಅಂದೆ. ಹಿಡಿದುಕೊಂಡು ಸುಮ್ಮನೆ ಇರುವುದಕ್ಕೆ ಸೂಜಿಗಲ್ಲಿಗೆ ಯಾವ ಖರ್ಚೂ ಇಲ್ಲ, ನೇತುಹಾಕಿದ ಚೀಲದಿಂದ ಗೂಟ ದಣಿಯುತ್ತದೆಯೇ? ಹೊರಗೆ ಅಂಗಳದಲ್ಲಿ ಹುಡುಗ ನಾಳಿನ ಬ್ಯಾಟರಿಗಳನ್ನು ಸಾಲಾಗಿ ಇಟ್ಟು ಚಾರ್ಜರಿಗೆ ಹಚ್ಚುತ್ತಿದ್ದ. ಎಂಟರಲ್ಲಿ ಎರಡು ಇನ್ನೂ ಬಿಸಿ ಇದ್ದವು, ಅವನ್ನು ಫ್ಯಾನಿನ ಕೆಳಗೆ ಇಟ್ಟಿದ್ದ.